ಆರು ಗೂಡು, ಐದೇ ತೋಟೆ

ದೇವನೂರಿನ ಕಡೆ ತೋಟ, ಹೊಲ ಕಾಯಲೆಂದು ಪರವಾನಗಿ ಪಡೆದವರ ಮನೆಯಲ್ಲಿರುವುದು ಹೆಚ್ಚಾಗಿ ಉದ್ದ ನಳಿಗೆಯ ಬಂದೂಕು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ ಇಡುವಂಥದ್ದು. ರಿವಾಲ್ವರ್ ಅಪರೂಪ. ಆದರೆ ಕೇಪಿನ ಕೋವಿ ಹಿಡಿದು ಬಲ್ಲವರಿಗೆ ಅಮೆರಿಕದ ಹಳೆಯ ರಿವಾಲ್ವರಿನ ದೋಷ ತಟ್ಟನೆ ಅರ್ಥವಾಗುತ್ತದೆ. ಕೇಪಿನ ಮೇಲೆ ಕುದುರೆ, ಅಂದರೆ ಹ್ಯಾಮರ್, ಕೂತಿರುವಾಗ ಅದರ ಬೆನ್ನಿಗೆ ಪೆಟ್ಟು ಬಿದ್ದರೆ ಟ್ರಿಗರ್ ಮುಟ್ಟದೆಯೂ ಗುಂಡು ಹಾರೀತು.

1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯದ್ದೂ ಇದೇ ಗೋಳು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕಾದ ರಿವಾಲ್ವರ್ ಇದು. ಕುದುರೆಯ ಮೂತಿಯಲ್ಲೇ ಮೊಳೆ, ಅಂದರೆ ಫೈರಿಂಗ್ ಪಿನ್. ಪೂರ್ತಿ ಇಳಿದರೆ ಅದು ತೋಟೆಯ ಬೆನ್ನಿಗೆ ತಾಗಿ ನಿಲ್ಲುತ್ತದೆ. ತಡೆಯಲು ಒಂದು ಕಚ್ಚು ಇತ್ತು, ನಿಜ. ಕೈಜಾರಿ ಬಿದ್ದರೆ ಮೊದಲು ಮುರಿಯುವುದೂ ಅದೇ. ಹಾಗಾಗಿ ಬಲ್ಲವರು ಐದೇ ತೋಟೆ ತುಂಬಿ, ಖಾಲಿ ಗೂಡಿನ ಮೇಲೆ ಕುದುರೆ ಇಳಿಸುತ್ತಿದ್ದರು.

ಇದಕ್ಕೆ ಪರಿಹಾರವಾದ ಟ್ರಾನ್ಸ್‌ಫರ್ ಬಾರ್ ಏನೂ ಹೊಸದಲ್ಲ. ಐವರ್ ಜಾನ್ಸನ್ ಕಂಪನಿ 1890ರ ದಶಕದಲ್ಲೇ ಅದನ್ನು ಕಂಡುಕೊಂಡು, ತನ್ನ ರಿವಾಲ್ವರಿನ ಕುದುರೆಗೆ ಸುತ್ತಿಗೆಯಿಂದ ಬಡಿಯಿರಿ ನೋಡೋಣ ಎಂದು ಜಾಹೀರಾತು ಕೊಡುತ್ತಿತ್ತು! ಇಷ್ಟಾದರೂ ರೂಗರ್ ಕಂಪನಿ 1953ರ ಸಿಂಗಲ್ ಸಿಕ್ಸ್, 1955ರ ಬ್ಲ್ಯಾಕ್‌ಹಾಕ್ ಮಾದರಿಗಳಲ್ಲಿ ಕೋಲ್ಟಿನ ದಾರಿಯನ್ನೇ ಹಿಡಿಯಿತು. ಮೊಳೆಯನ್ನು ಕುದುರೆಯಿಂದ ಚೌಕಟ್ಟಿಗೆ ಸರಿಸಿತು ಅಷ್ಟೆ. ಇಳಿದ ಕುದುರೆ ಮೊಳೆಯನ್ನು ಒತ್ತಿಕೊಂಡೇ ಇರುತ್ತಿತ್ತು. ಟ್ರಾನ್ಸ್‌ಫರ್ ಬಾರ್ ರೂಗರಿಗೆ ಬಂದದ್ದು 1973ರಲ್ಲಿ. ಹಳೆಯವಕ್ಕೂ ಅದನ್ನು ಪುಕ್ಕಟೆ ಕೂರಿಸಿಕೊಡುವುದಾಗಿ 1982ರಲ್ಲಿ ಕಂಪನಿ ಸಾರಿತು.

ಈ ಬಾರ್ ಟ್ರಿಗರಿಗೆ ಜೋಡಿಸಿದ ಚಪ್ಪಟೆ ಉಕ್ಕಿನ ಪಟ್ಟಿ. ಕುದುರೆಯ ಮೂತಿಯನ್ನು ಕೊರೆದಿರುವುದರಿಂದ ಅದು ಚೌಕಟ್ಟಿನ ಮೇಲೆ ಕೂರುತ್ತದೆಯೇ ಹೊರತು ಮೊಳೆಯನ್ನು ಮುಟ್ಟುವುದಿಲ್ಲ. ಟ್ರಿಗರ್ ಒತ್ತಿ ಹಿಡಿದಿದ್ದರೆ ಮಾತ್ರ ಪಟ್ಟಿ ನಡುವೆ ನಿಂತು ಪೆಟ್ಟನ್ನು ಮೊಳೆಗೆ ದಾಟಿಸುತ್ತದೆ. ಟ್ರಿಗರ್ ಬಿಟ್ಟರೆ ಪಟ್ಟಿ ಕೆಳಗಿಳಿಯುತ್ತದೆ. ಆಮೇಲೆ ಎಷ್ಟು ಬಡಿದರೂ ಪೆಟ್ಟು ಚೌಕಟ್ಟಿಗೇ.

ಹಾಗಾದರೆ ಹಳೆಯ ರೂಗರಿಗೆ ಈ ದುರಸ್ತಿ ಆಗಿದೆಯೋ ಇಲ್ಲವೋ ಎಂದು ಗುರುತಿಸುವುದು ಹೇಗೆ? ಚೌಕಟ್ಟಿನ ಪಕ್ಕದಲ್ಲಿ ಮೂರು ಸ್ಕ್ರೂ ಇದ್ದರೆ ಹಳೆಯದು, ಎರಡು ಪಿನ್ ಇದ್ದರೆ 1973ರ ಮೇಲಿನದು ಎನ್ನುವುದು ವಾಡಿಕೆಯ ಲೆಕ್ಕ. ಇದರಿಂದ ತಿಳಿಯುವುದು ಮಾದರಿ ಮಾತ್ರ. ದುರಸ್ತಿಯಾದ ಮೇಲೂ ಮೂರು ಸ್ಕ್ರೂ ಹಾಗೆಯೇ ಉಳಿದಿರುತ್ತವೆ. ಕಾಗದಪತ್ರವನ್ನೂ ನೆಚ್ಚುವಂತಿಲ್ಲ. ಕಂಪನಿ ಕಳಚಿದ ಹಳೆಯ ಭಾಗಗಳನ್ನು ಮಾಲೀಕರಿಗೇ ಹಿಂತಿರುಗಿಸುತ್ತದೆ. ಮೂಲರೂಪಕ್ಕೆ ಹೆಚ್ಚು ಬೆಲೆ ಕೊಡುವ ಸಂಗ್ರಾಹಕರ ಆಸೆಗೆ ಅವನ್ನು ಮತ್ತೆ ಕೂರಿಸುವವರೂ ಇದ್ದಾರೆ. ನನಗೆ ಇದು ಶುದ್ಧ ಹುಚ್ಚಾಟವಾಗಿ ಕಾಣುತ್ತದೆ.

ನಂಬಬೇಕಾದದ್ದು ಒಳಗಿನ ನೋಟವನ್ನು. ಆರೂ ಗೂಡು ಖಾಲಿಯೆಂದು ಕಣ್ಣಾರೆ ಕಂಡ ಮೇಲೆ, ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಕುದುರೆಯನ್ನು ಪೂರ್ತಿ ಎಳೆದು ಅದರ ಮುಂದಿನ ಸಂದಿಯಲ್ಲಿ ನೋಡಬೇಕು. ಉಕ್ಕಿನ ಪಟ್ಟಿ ಮೇಲೆದ್ದಿದ್ದರೆ ಬಾರ್ ಇದೆ. ಬರೀ ಮೊಳೆಯ ತುದಿ ಕಂಡರೆ ಐದು ತೋಟೆಯ ನೇಮ ಇವತ್ತಿಗೂ ತಪ್ಪಿದ್ದಲ್ಲ. ಇದ್ದ ಬಾರ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಹೇಳಬೇಕಾದವರು ಬಂದೂಕು ರಿಪೇರಿಯವರು. ಊರ ಕುಲುಮೆಯಲ್ಲಿ ಆಗುವ ಕೆಲಸವಲ್ಲ ಇದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು.