ನಾಲ್ಕು ನಿಮಿಷದ ಬೆಲೆ

ಮನೆಯ ಗಡಿಯಾರವು ನಾಲ್ಕು ನಿಮಿಷ ಹಿಂದೆ ಬಿದ್ದರೆ ನಮಗೇನು ನಷ್ಟ? ಊಟ ಸ್ವಲ್ಪ ತಡವಾದೀತು. ಮಕ್ಕಳು ಪಾಠಶಾಲೆಗೆ ಓಡಬೇಕಾದೀತು. ಆದರೆ ಅದೇ ನಾಲ್ಕು ನಿಮಿಷವು ಹಲವು ಸಂಸಾರಗಳ ದೀಪವನ್ನು ನಂದಿಸಿದ ಸಂಗತಿಯೊಂದುಂಟು.

ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಕಿಪ್ಟನ್ ಎಂಬ ಸಣ್ಣ ಊರಿದೆ. ಆ ಕಾಲದಲ್ಲಿ ಎದುರುಬದುರಾಗಿ ಬರುವ ರೈಲುಗಳು ಅನೇಕ ಕಡೆ ಒಂದೇ ಹಳಿಯ ಮೇಲೆ ಓಡುತ್ತಿದ್ದುವು. ಗೊತ್ತಾದ ನಿಲ್ದಾಣದಲ್ಲಿ ಒಂದು ರೈಲು ಪಕ್ಕದ ಹಳಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು. ಇದಕ್ಕೆ ನೌಕರರಿಗಿದ್ದ ಮುಖ್ಯ ಆಧಾರವು ವೇಳಾಪಟ್ಟಿ ಮತ್ತು ಜೇಬಿನ ಗಡಿಯಾರ. 1891ನೆಯ ಏಪ್ರಿಲಿನಲ್ಲಿ ಅಲ್ಲಿ ಪ್ರಯಾಣಿಕರ ರೈಲಿಗೂ ಅಂಚೆಯ ರೈಲಿಗೂ ಡಿಕ್ಕಿಯಾಗಿ, ಅಂಚೆಯ ಗುಮಾಸ್ತರೂ ಸೇರಿ ಹಲವರು ಮಡಿದರು. ಒಂದು ಗಡಿಯಾರವು ನಾಲ್ಕು ನಿಮಿಷ ಹಿಂದೆ ಬಿದ್ದುದೇ ಕಾರಣವೆಂದು ಹೇಳುವರು.

ಬಳಿಕ ರೈಲ್ವೆಯವರು ಕ್ಲೀವ್‌ಲೆಂಡ್ ಪಟ್ಟಣದ ಆಭರಣದ ವರ್ತಕ ವೆಬ್ ಬಾಲ್ ಎಂಬವರಿಗೆ ಗಡಿಯಾರಗಳ ತಪಾಸಣೆಯನ್ನು ಒಪ್ಪಿಸಿದರು. ಕ್ರಮೇಣ ಕಟ್ಟುನಿಟ್ಟಾದ ನಿಯಮಗಳು ನೆಲೆಗೊಂಡುವು. ಗಡಿಯಾರವು ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಕನಿಷ್ಠ 17 ಕಲ್ಲುಗಳಿರಬೇಕು. ಐದು ಭಂಗಿಗಳಲ್ಲಿಯೂ ಸರಿಯಾಗಿ ನಡೆಯಬೇಕು. ಮುಖದ ಮೇಲೆ ಮುಚ್ಚಳವಿರಕೂಡದು. ಅಂಕಿಗಳು ದಪ್ಪವಾಗಿ ಕಾಣಬೇಕು. ಕೀಲಿ ಕೊಡುವಾಗ ಮುಳ್ಳು ಕೈತಪ್ಪಿ ಸರಿಯದಂತೆ, ಗಾಜಿನ ಬಳೆಯನ್ನು ತೆಗೆದು ಒಳಗಿನ ಸಣ್ಣ ಲಿವರನ್ನು ಎಳೆದರೆ ಮಾತ್ರ ಮುಳ್ಳು ತಿರುಗುವ ಏರ್ಪಾಡನ್ನೂ ಮಾಡಿದರು. ವಾಲ್ಥಾಮ್, ಎಲ್ಜಿನ್, ಹ್ಯಾಮಿಲ್ಟನ್ ಮೊದಲಾದ ಕಾರ್ಖಾನೆಗಳು ಇಂಥವನ್ನು ತಯಾರಿಸಿದುವು.

ಈಗ ಅವು ಸಂಗ್ರಾಹಕರ ಪ್ರೀತಿಯ ವಸ್ತುಗಳಾಗಿವೆ. ಕೊಳ್ಳುವವರು ಮೊದಲು ಹಿಂಬದಿಯನ್ನು ತೆರೆದು ಯಂತ್ರದ ಮೇಲಿನ ಸಂಖ್ಯೆಯನ್ನು ನೋಡತಕ್ಕದ್ದು. ಅದರಿಂದ ತಯಾರಾದ ವರ್ಷವನ್ನು ಅಂದಾಜು ಮಾಡಬಹುದು. ಹೊರಗವಚದ ಸಂಖ್ಯೆ ಬೇರೆ. ಯಂತ್ರವನ್ನೂ ಕವಚವನ್ನೂ ಹಲವು ವೇಳೆ ಬೇರೆ ಬೇರೆಯಾಗಿ ಮಾರುತ್ತಿದ್ದುದರಿಂದ ಅದನ್ನು ನಂಬಿ ವರ್ಷವನ್ನು ನಿರ್ಣಯಿಸಲಾಗದು.

ಹಳೆಯ ಗಡಿಯಾರವು ಕೈಗೆ ಸಿಕ್ಕೊಡನೆ ಕೀಲಿ ಕೊಟ್ಟು ನಡೆಯಿಸಿ ನೋಡುವ ಆಸೆ ನಮ್ಮೆಲ್ಲರಿಗೂ ಸಹಜ. ಆದರೆ ಅದೇ ಅಪಾಯ. ಒಣಗಿದ ಎಣ್ಣೆಯು ಧೂಳಿನೊಡನೆ ಸೇರಿ ಅರದಂತಾಗಿ, ಚಕ್ರಗಳ ಸೂಕ್ಷ್ಮವಾದ ಅಚ್ಚಿನ ತುದಿಗಳನ್ನು ಸವೆಯಿಸುವುದು. ಬಿಚ್ಚುವ ಮುನ್ನ ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಸಡಿಲಿಸಬೇಕು. ಇಲ್ಲವಾದರೆ ಚಕ್ರದ ಹಲ್ಲುಗಳು ಮುರಿಯಬಹುದು. ಇವೆಲ್ಲ ಬಲ್ಲ ಗಡಿಯಾರದವನ ಕೆಲಸ. ಒಗೆದು ಒಣಗಿಸಿದ ಮೇಲೆ ಅವನು ಹಾಕುವ ಎಣ್ಣೆಯೂ ಸೂಜಿಯ ಮೊನೆಯಷ್ಟೆ.

ಇನ್ನೊಂದು ಮಾತು. ಹೊಸದರಂತೆ ಹೊಳೆಯಿಸುವ ಉತ್ಸಾಹದಿಂದ ಲೋಹದ ಮೇಲಿನ ಕೆತ್ತನೆಯನ್ನು ಉಜ್ಜಿ ಅಳಿಸಬಾರದು. ಬಿಳಿಯ ಮುಖದಲ್ಲಿ ಕೂದಲೆಳೆಯಷ್ಟು ಸೀಳಿದ್ದರೆ ಇರಲಿ. ಎಷ್ಟೋ ಪ್ರಯಾಣಿಕರು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದಾಗ ಯಾರೋ ಒಬ್ಬ ದುಡಿಮೆಗಾರನು ಎಚ್ಚರವಾಗಿದ್ದು ಆ ಮುಖವನ್ನು ನೋಡಿದ್ದಾನು. ಅವನ ಎಚ್ಚರಿಕೆಯ ಗುರುತನ್ನು ಉಳಿಸಿಕೊಳ್ಳುವುದೇ ನಿಜವಾದ ಜೀರ್ಣೋದ್ಧಾರವೆಂದು ನಾವು ತಿಳಿಯುವೆವು.