ಕುದುರೆಯ ಬೆನ್ನು ಮತ್ತು ಮಲೆನಾಡಿನ ಏರು

ಮೋಟಾರು ವಾಹನಗಳು ಘಟ್ಟವೇರುವುದಕ್ಕೆ ಮುನ್ನ ಚಿಕ್ಕಮಗಳೂರು, ಮೂಡಿಗೆರೆ ಸೀಮೆಯ ಕಾಫಿ ತೋಟಗಳ ದೊರೆಗಳು ಕುದುರೆಯನ್ನೇರಿ ಉಸ್ತುವಾರಿ ನಡೆಸುತ್ತಿದ್ದರು. ಕಾಫಿಯ ಮೂಟೆಗಳು ಹೇರೆತ್ತುಗಳ ಮೇಲೆ ಘಟ್ಟವಿಳಿದು ಮಂಗಳೂರನ್ನು ಸೇರುತ್ತಿದ್ದುವು. ಈ ಗಿರಿಸೀಮೆಯ ಸಂಪತ್ತು ಹೀಗೆ ಒಂದು ಕಾಲಕ್ಕೆ ಪ್ರಾಣಿಗಳ ಬೆನ್ನನ್ನೇ ಆಶ್ರಯಿಸಿತ್ತು. ಆಷಾಢದ ಮಳೆಯಲ್ಲಿ ತೊಯ್ದ ಜೀನಿನಡಿಯಲ್ಲಿ ಚರ್ಮವುಜ್ಜಿ ಹುಣ್ಣಾದರೆ ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ಅದಕ್ಕೂ ಆಳದಲ್ಲಿ ಹುಟ್ಟುವ ನೋವನ್ನು ಕುದುರೆಯು ಜೀನು ಬಿಗಿಯುವಾಗ ಕಿವಿಯನ್ನು ಹಿಂದಕ್ಕೊತ್ತಿ, ಕಚ್ಚಲು ಬಂದು, ಇಳಿಜಾರಿನಲ್ಲಿ ಹೆಜ್ಜೆಯಿಡಲೊಲ್ಲದೆ ನಿಂತು ತಿಳಿಸಿದರೂ, ನಾವದನ್ನು ಹಟವೆಂದು ಭಾವಿಸಿ ಚಾವಟಿಯೆತ್ತುವುದು ಅತ್ಯಂತ ಖೇದಕರ.

ಕುದುರೆಯ ಬೆನ್ನು ಭಾರ ಹೊರುವುದಕ್ಕೆಂದು ನಿರ್ಮಿತವಾದುದಲ್ಲ. ಸಾಮಾನ್ಯವಾಗಿ ಎದೆಯ ಭಾಗದಲ್ಲಿ 18, ಸೊಂಟದಲ್ಲಿ 6 ಕಶೇರುಕಗಳಿದ್ದು, ಪ್ರತಿಯೊಂದರ ಮೇಲೂ ಎಲುಬಿನ ಚಾಚಿಕೆಯೊಂದು ನಿಂತಿರುತ್ತದೆ. ಬೆನ್ನೆಲುಬನ್ನು ಧನುಸ್ಸೆಂದು ಭಾವಿಸಿದರೆ ಉದರದ ಸ್ನಾಯುಗಳೇ ಅದರ ಹೆದೆ. ಹೆದೆ ಸಡಿಲಿದರೆ ಸವಾರನ ಭಾರಕ್ಕೆ ಬೆನ್ನು ಕುಸಿದು ಚಾಚಿಕೆಗಳು ಒಂದಕ್ಕೊಂದು ಉಜ್ಜತೊಡಗುತ್ತವೆ. ಎದೆಯ 13ರಿಂದ 18ನೆಯ ಕಶೇರುಕಗಳ ನಡುವೆ, ಎಂದರೆ ಸವಾರನು ಕುಳಿತುಕೊಳ್ಳುವ ಸ್ಥಾನದಲ್ಲಿಯೇ, ಈ ವ್ಯಾಧಿ ಹೆಚ್ಚು.

ಬಲ್ಲ ಪಶುವೈದ್ಯರು ಮೊದಲು ಕೈಯಿಂದಲೇ ಪರೀಕ್ಷಿಸುತ್ತಾರೆ. ಹೆಗಲಿನಿಂದ ಸೊಂಟದವರೆಗೆ ಬೆನ್ನೆಲುಬಿನ ಇಕ್ಕೆಲಗಳಲ್ಲಿ ಬೆರಳೊತ್ತುತ್ತ ಬರುವಾಗ ಎಲ್ಲೋ ಒಂದೆಡೆ ಸ್ನಾಯು ಗಡುಸಾಗಿ ಬಿಗಿಯುತ್ತದೆ, ಚರ್ಮ ಅದುರುತ್ತದೆ, ಕುದುರೆ ಬಾಲವನ್ನು ಝಾಡಿಸುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಎಲುಬುಗಳು ತಾಗಿದುದು ಕಂಡ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು. ನೋವಿಲ್ಲದ ಕುದುರೆಗಳಲ್ಲಿಯೂ ಅದು ಕಾಣಬರುತ್ತದೆ. ಹಿಂಗಾಲಿನ ಕುಂಟು, ಹೊಂದದ ಜೀನು, ಇವೂ ಮೂಲವಾಗಿರಬಹುದು.

ನೋವುನಿವಾರಕಗಳು, ಎಲುಬುಗಳ ನಡುವೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಕಡೆಗೆ ತಾಗುವ ಎಲುಬಿನ ಭಾಗವನ್ನೋ ನಡುವಣ ಅಸ್ಥಿರಜ್ಜುವನ್ನೋ ಕತ್ತರಿಸುವ ಶಸ್ತ್ರಚಿಕಿತ್ಸೆ, ಇವೆಲ್ಲ ನೋವನ್ನು ತಗ್ಗಿಸಿ ಅವಕಾಶ ಒದಗಿಸುವುವೇ ಹೊರತು ಬೆನ್ನನ್ನು ಎತ್ತಿ ಹಿಡಿಯಲಾರವು. ಆ ಕಾರ್ಯ ಸ್ನಾಯುಗಳದೇ. ಆದುದರಿಂದ ಕ್ಯಾರೆಟ್ಟೊಂದನ್ನು ಮುಂಗಾಲುಗಳ ನಡುವೆ ಕೆಳಗೆ ಹಿಡಿದು, ಬಳಿಕ ಪಕ್ಕೆಯ ಕಡೆಗೆ ಒಯ್ದು, ಕುದುರೆ ಕತ್ತು ಬಾಗಿಸಿ ಅದನ್ನು ಹಿಂಬಾಲಿಸುವಂತೆ ಮಾಡುತ್ತಾರೆ. ಉದರದ ಸ್ನಾಯುಗಳು ಆಗ ತಾವಾಗಿ ಬಿಗಿಯುತ್ತವೆ. ತಲೆ ತಗ್ಗಿದಾಗ ಕತ್ತಿನ ಮೇಲಣ ದೊಡ್ಡ ರಜ್ಜುವು ಹೆಗಲಿನ ಚಾಚಿಕೆಗಳನ್ನು ಮುಂದಕ್ಕೆಳೆಯುವುದರಿಂದ ಬೆನ್ನು ಮೇಲೆದ್ದು ಎಲುಬುಗಳ ನಡುವಣ ಅಂತರವೂ ಹೆಚ್ಚುತ್ತದೆ.

ಇಲ್ಲಿ ಮಲೆನಾಡಿನ ನೆಲವೇ ನೆರವಿಗೆ ಬರುತ್ತದೆ. ಕಳಸದ ಕಡೆಯ ತೋಟದ ದಾರಿಗಳಂಥ ಮೆಲ್ಲನೆಯ ಏರಿನಲ್ಲಿ ಸವಾರನಿಲ್ಲದೆ, ತಲೆ ತಗ್ಗಿಸಿಕೊಂಡು ನಿಧಾನವಾಗಿ ನಡೆಯುವ ಕುದುರೆಯು ಹಿಂಗಾಲುಗಳನ್ನು ಒಡಲಿನಡಿಗೆ ತಂದು ದೇಹವನ್ನು ಮುಂದೂಡಬೇಕಾಗುತ್ತದೆ; ಬೆನ್ನಿಗೆ ಇದಕ್ಕಿಂತ ಹಿತವಾದ ವ್ಯಾಯಾಮವನ್ನು ನಾನು ಕಾಣೆ. ಕಡಿದಾದ ಇಳಿಜಾರೂ ಜಾರುವ ಕೆಸರೂ ಮಾತ್ರ ಮೊದಲ ವಾರಗಳಲ್ಲಿ ವರ್ಜ್ಯ. ವಾರಗಳು ತಿಂಗಳುಗಳಾಗಿ, ಸ್ನಾಯು ತುಂಬಿದ ಮೇಲೆಯೇ ಸವಾರನು ಮತ್ತೆ ಏರಬೇಕು. ಅಷ್ಟರಲ್ಲಿ ಬೆನ್ನಿನ ಆಕಾರವೇ ಬದಲಾಗಿರುವುದರಿಂದ ಹಳೆಯ ಜೀನನ್ನು ಹಾಗೆಯೇ ಬಿಗಿಯದೆ ಹೊಸದಾಗಿ ಹೊಂದಿಸಿಕೊಳ್ಳಬೇಕು.