ಹಾನಗಲ್ಲಿನಾಚೆಯ ಟಿಬೆಟ್

ಬೇಸಿಗೆಯ ರಜೆ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನುಕೂಲಸ್ಥ ಕುಟುಂಬಗಳು ಲೇಹ್, ಧರ್ಮಶಾಲಾ, ಗ್ಯಾಂಗ್ಟಾಕ್‌ಗಳತ್ತ ಹೊರಡುವುದು ಈಗ ವಾಡಿಕೆ. ಹಿಮಾಲಯದ ಬೌದ್ಧ ಊರುಗಳ ಪ್ರಶಾಂತತೆಯನ್ನು ಕೊಂಡಾಡುತ್ತ ಅವರು ಮರಳುತ್ತಾರೆ. ನಿವೃತ್ತಿಯ ನಂತರ ನಾನೂ ಹಾಗೆ ಹೋಗಿ ಬಂದವನೇ. ಆದರೆ ಅದೇ ಪರಂಪರೆಯ ಎರಡು ಮಹಾವಿದ್ಯಾಪೀಠಗಳು ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿವೆ. ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರಬಹುದು. ನಮ್ಮಲ್ಲಿ ಎಷ್ಟು ಮಂದಿ ಅವನ್ನು ಕಂಡಿದ್ದೇವೆ?

ಹಾನಗಲ್ ದಾಟಿದ ಮೇಲೆ ಬಯಲುಸೀಮೆ ನಿಧಾನವಾಗಿ ಮಲೆನಾಡಿಗೆ ಎಡೆಗೊಡುತ್ತದೆ. ಮಳೆಗಾಲದಲ್ಲಿ ಗೋವಿನಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಪತಾಕೆಗಳು ಕಾಣಿಸಿಕೊಳ್ಳುತ್ತವೆ. ಮಠದ ಅಂಗಳದಲ್ಲಿ ಕೆಂಗಂದು ವಸ್ತ್ರದ ಭಿಕ್ಷುಗಳು ಇಬ್ಬಿಬ್ಬರಾಗಿ ತರ್ಕಕ್ಕಿಳಿಯುತ್ತಾರೆ. ನಿಂತವನು ಅಂಗೈಗೆ ಅಂಗೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕುಳಿತವನು ಉತ್ತರಿಸಬೇಕು. ಅದೊಂದನ್ನು ಬಿಟ್ಟರೆ ಊರೆಲ್ಲ ಮೌನ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ಸಾವಿರಾರು ಟಿಬೆಟಿಯನ್ನರು ಅವರನ್ನು ಹಿಂಬಾಲಿಸಿದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಅಂದಿನ ಮೈಸೂರು ರಾಜ್ಯದ ಈ ಕಾಡಿನಂಚಿನಲ್ಲಿ ಸುಮಾರು 4000 ಎಕರೆ ಪ್ರದೇಶದಲ್ಲಿ ವಸತಿ ಆರಂಭವಾಯಿತು. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪನೆಗೊಂಡ ಗಂಡೆನ್ ಮತ್ತು 1416ರ ಡ್ರೆಪುಂಗ್ ಮಠಗಳ ಅಳಿದುಳಿದ ಭಿಕ್ಷುಗಳು ಉತ್ತರ ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು, ಬಳಿಕ ಇಲ್ಲಿಗೆ ಬಂದು ಮಠಗಳನ್ನು ಮರಳಿ ಕಟ್ಟಿದರು. ಶೀತದೇಶದ ಜನ ಮಲೆನಾಡಿನ ಮಳೆ, ಕಾಡುಪ್ರಾಣಿ, ಜ್ವರಗಳ ನಡುವೆ ನೆಲ ಹಸನುಗೊಳಿಸಿದ್ದು ಸಣ್ಣ ಸಾಹಸವಲ್ಲ. ಆಡಳಿತದಲ್ಲಿ ಮೂರು ದಶಕ ಕಳೆದ ನಾನು ಪುನರ್ವಸತಿಯ ಹೆಸರಿನಲ್ಲಿ ಬಹಳಷ್ಟು ವೈಫಲ್ಯಗಳನ್ನು ಕಂಡಿದ್ದೇನೆ. ಇದು ಅಂಥದ್ದಲ್ಲ.

ಬೌದ್ಧಧರ್ಮ ಈ ನೆಲಕ್ಕೆ ಹೊಸತೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ವನವಾಸಕ್ಕೆ, ಅಂದರೆ ನಮ್ಮ ಬನವಾಸಿ ಸೀಮೆಗೆ, ಬಂದನೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಬಳ್ಳಿಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧ ವಿಹಾರವಿತ್ತು. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ತಾರಾದೇವಿಯನ್ನು ಸ್ತುತಿಸುತ್ತದೆ. ಇಲ್ಲಿ ಆ ಪರಂಪರೆ ಅಳಿಯಿತು. ಸಂಸ್ಕೃತ ಮೂಲದಲ್ಲಿ ನಾವು ಕಳೆದುಕೊಂಡ ಎಷ್ಟೋ ಬೌದ್ಧ ಗ್ರಂಥಗಳು ಟಿಬೆಟಿಯನ್ ಅನುವಾದದಲ್ಲಿ ಉಳಿದವು. ಆ ವಿದ್ಯೆ ಶತಮಾನಗಳ ನಂತರ ನಿರಾಶ್ರಿತರ ಜೋಳಿಗೆಯಲ್ಲಿ ಮರಳಿ ಬನವಾಸಿಯ ನೆರೆಗೇ ಬಂದಿದೆ.

ಈ ನೆಲೆಯ ಮುಂದಿನ ದಿನಗಳು ಮಾತ್ರ ನಿಶ್ಚಿತವಲ್ಲ. ನಾನು ಭೇಟಿಯಾದ ವೃದ್ಧರೊಬ್ಬರು ನಮ್ಮ ಸೀಮೆಯ ಕನ್ನಡದಲ್ಲೇ ಹೇಳಿದರು: “ನಮ್ಮಪ್ಪ ಕಾಡು ಕಡದ್ರು, ನಾ ಗೋವಿನಜೋಳ ಬೆಳದೆ, ಮಗ ಬೆಂಗಳೂರಾಗ ಅದಾನ್ರಿ. ಮೊಮ್ಮಕ್ಳು ಎಲ್ಲಿರ್ತಾರೋ ಗೊತ್ತಿಲ್ರಿ.” ಯುವಜನ ಮಹಾನಗರಗಳಿಗೆ, ವಿದೇಶಗಳಿಗೆ ವಲಸೆ ಹೋಗುತ್ತಿದ್ದಾರೆ. ಮಠಗಳಲ್ಲಿ ಲಡಾಖ್, ಅರುಣಾಚಲ, ನೇಪಾಳಗಳಿಂದ ಬಂದ ವಿದ್ಯಾರ್ಥಿಗಳೂ ಇದ್ದಾರೆ. ಇವರು ಉಳುವ ಭೂಮಿ ಇವರದಲ್ಲ, ಮಾರಲಾಗದು. 2014ರಲ್ಲಿ ಕೇಂದ್ರ ಸರ್ಕಾರ ಪುನರ್ವಸತಿ ನೀತಿಯೊಂದನ್ನು ಪ್ರಕಟಿಸಿ ಭೂಮಿಯ ಗುತ್ತಿಗೆ ಮತ್ತು ಸರ್ಕಾರಿ ಯೋಜನೆಗಳ ಸೌಲಭ್ಯದ ದಾರಿಯನ್ನು ಸೂಚಿಸಿತು. ಅದರ ಜಾರಿ ರಾಜ್ಯದ ಇಚ್ಛಾಶಕ್ತಿಯನ್ನು ಅವಲಂಬಿಸಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಜನ್ಮತಃ ಪೌರರು. ಆದರೆ ಪೌರತ್ವ ಪಡೆದರೆ ತಾಯ್ನಾಡಿನ ಮೇಲಣ ಹಕ್ಕು ಸಡಿಲಾದೀತೆಂಬ ಅಳುಕು ಹಲವರಲ್ಲಿದೆ. ಈ ಆಯ್ಕೆಯನ್ನು ಅವರೇ ಮಾಡಬೇಕು. ಅವಸರಪಡಿಸುವ ಅಧಿಕಾರ ನಮಗಿಲ್ಲ.

ನೆರೆಹೊರೆಯವರಾದ ನಮ್ಮ ಹೊಣೆ ಬೇರೆ. ಈ ಊರನ್ನು ರೆಸಾರ್ಟುಗಳ, ಗದ್ದಲದ ಪ್ರವಾಸಿ ತಾಣವಾಗಿಸುವುದು ಬೇಡ. ಹಾವೇರಿ ಜಿಲ್ಲೆಯ ಶಾಲೆ, ಕಾಲೇಜುಗಳು ಮಕ್ಕಳನ್ನು ಬನವಾಸಿಗೆ, ಬಳ್ಳಿಗಾವಿಗೆ ಕರೆದೊಯ್ಯುವಾಗ ಮುಂಡಗೋಡವನ್ನೂ ಸೇರಿಸಿಕೊಳ್ಳಲಿ. ಅಲ್ಲಿಯ ವಿದ್ವಾಂಸರ ನೆರವಿನಿಂದ ಟಿಬೆಟಿಯನ್ ಗ್ರಂಥಗಳನ್ನು ನೇರವಾಗಿ ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಲಿ. ವಿದೇಶಿಯರು ಅಲ್ಲಿ ತಂಗಬೇಕಾದರೆ ಕೇಂದ್ರದ ವಿಶೇಷ ಪರವಾನಗಿ ಬೇಕು. ನಮಗೆ ಬಸ್ಸಿನ ಟಿಕೇಟು ಸಾಕು. ಅಷ್ಟು ಹತ್ತಿರವಿದ್ದೂ ಎರಡು ತಲೆಮಾರುಗಳ ಕಾಲ ನಾವು ಅವರನ್ನು ಸ್ವೆಟರ್ ಮಾರುವವರೆಂದಷ್ಟೇ ಗುರುತಿಸಿದ್ದೇವೆ. ಕಾಡು ಕಡಿದು ಊರು ಕಟ್ಟಿದ ಆ ಮೊದಲ ತಲೆಮಾರಿನವರು ದಿನೇದಿನೇ ವಿರಳವಾಗುತ್ತಿದ್ದಾರೆ. ಅವರ ಮಾತನ್ನು ಕೇಳಿಸಿಕೊಳ್ಳಲು ಉಳಿದಿರುವ ಕಾಲ ಬಹಳವಿಲ್ಲ.